ಬೆಳ್ಳಗಾದ ಬಂಪರ್, ಒಬ್ಬ ಹೆದರುಪುಕ್ಕಲ

ನನ್ನ ಕಾರಿನ ಬಂಪರ್ ಮತ್ತೆ ಬೆಳ್ಳಗಾಗಿದೆ. ಕಪ್ಪಗಿರಬೇಕಾದ ಪ್ಲಾಸ್ಟಿಕ್ ಬಿಸಿಲಿಗೆ ಬತ್ತಿ, ಬೂದಿ ಬಳಿದುಕೊಂಡಂತೆ ಕಾಣುತ್ತಿದೆ. ಮೊಬೈಲ್ ತೆರೆದರೆ ಅದನ್ನು ಮತ್ತೆ ಕಪ್ಪಾಗಿಸುವ ಬಾಟಲಿಗಳು ಸಾಲುಗಟ್ಟಿ ನಿಂತಿವೆ. ಒಂದೊಂದರ ಕೆಳಗೂ ಕೊಂಡವರ ಹೊಗಳಿಕೆ, ಬೈಗುಳ. ಹದಿನೈದು ದಿನದಿಂದ ನೋಡುತ್ತಿದ್ದೇನೆ, ಒಂದನ್ನೂ ಒತ್ತಲು ಬೆರಳು ಏಳುತ್ತಿಲ್ಲ. ನಗಬೇಡಿ, ನನಗೆ ಭಯ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ಗಲಾಟೆ ಮಾಡುವ ಒಂದು ಇಡೀ ತರಗತಿಯನ್ನು ಕಣ್ಣಲ್ಲೇ ಕೂರಿಸುವವಳು, ಒಂದು ಪಾಲಿಷ್ ಬಾಟಲಿಗೆ ಹೆದರುತ್ತೇನೆ. ಈ ಭಯವನ್ನು ನನಗೆ ಕಲಿಸಿದವರು ಕಳೆದ ಬೇಸಿಗೆಯಲ್ಲಿ ತೀರಿಕೊಂಡರು.

ನಂಜನಗೂಡಿನಲ್ಲಿ, ನಮ್ಮ ಶಾಲೆಗೆ ತಿರುಗುವ ರಸ್ತೆಯಲ್ಲಿ, ಪಂಕ್ಚರ್ ಅಂಗಡಿಗೂ ಬೇಕರಿಗೂ ನಡುವೆ ಅವರ ಅಂಗಡಿ ಇತ್ತು. ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ವೈಪರ್, ಕನ್ನಡಿ, ಡೋರ್ ಬೀಡಿಂಗ್, ಬಿಳಚಿಕೊಂಡ ಪ್ಲಾಸ್ಟಿಕ್ಕಿಗೆ ಹಚ್ಚುವ ಬಗೆಬಗೆಯ ಡಬ್ಬಿಗಳು, ಹೀಗೆ ಕಾರಿನ ಹೊರಮೈಗೆ ಬೇಕಾದ ಸಾಮಾನು ಮಾತ್ರ ಅಲ್ಲಿ ಸಿಗುತ್ತಿತ್ತು. "ಒಳಗಡೀಕೆ ನಾನೇನೂ ಕೊಡಾಕಿಲ್ಲ" ಎಂದು ಕೇಳುವ ಮೊದಲೇ ಹೇಳಿಬಿಡುತ್ತಿದ್ದರು. ಡ್ಯಾಶ್‌ಬೋರ್ಡಿಗೆ ಹೊಳಪು ಬೇಕೆಂದವರಿಗೆ, "ಒದ್ದೆ ಬಟ್ಟೇಲಿ ಒರುಸ್ಕಳಿ, ಸಾಕು" ಎಂಬ ಉತ್ತರ. ಬಂದ ಗಿರಾಕಿಯನ್ನು ಬೆನ್ನು ತಟ್ಟಿ ವಾಪಸ್ಸು ಕಳಿಸುವ ಈ ಮನುಷ್ಯ ಉದ್ಧಾರವಾದ ಹಾಗೇ ಎಂದು ನಾನು ಅಂದುಕೊಂಡಿದ್ದೆ.

ಅರವತ್ತು ದಾಟಿದ ಸಣಕಲು ದೇಹ, ಹೆಗಲ ಮೇಲೆ ಚೌಕದ ಟವೆಲ್. ಅವರದೊಂದು ಅಭ್ಯಾಸ ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ನಿಂತ ಕಾರಿನ ಮುಂದೆ ಅವರು ಹಾದುಹೋಗುತ್ತಲೇ ಇರಲಿಲ್ಲ. ಎಂಜಿನ್ ಬಂದಾಗಿ ಬೀಗ ಹಾಕಿದ್ದರೂ ಸರಿ, ಆ ಕಡೆಯ ಬಾಗಿಲಿಗೆ ಹೋಗಬೇಕಾದರೆ ಹಿಂದಿನಿಂದ ಸುತ್ತಿಕೊಂಡೇ ಹೋಗುತ್ತಿದ್ದರು. ಬೇಕರಿಯವನು ಇದನ್ನು ನೋಡಿ ನೋಡಿ ಅವರಿಗೆ 'ಎದ್ರುಪುಕ್ಲ' ಎಂದು ಹೆಸರಿಟ್ಟಿದ್ದ. ಊರೂ ಅದನ್ನೇ ಹಿಡಿದುಕೊಂಡಿತ್ತು. ಅವರ ಕಿವಿಗೆ ಬಿದ್ದರೆ, "ಊ ಕಣಪ್ಪ, ಎದ್ರುಪುಕ್ಲಾನೇ. ಬದುಕಿದೀನಲ್ಲ" ಎಂದುಬಿಡುತ್ತಿದ್ದರು.

ಅಂಗಡಿಯ ಒಳಮೂಲೆಯಲ್ಲಿ ಅವರ ಹೆಂಡತಿ ಸ್ಟೂಲಿನ ಮೇಲೆ ಕೂತು, ಒಂದು ಕಾಲನ್ನು ನೇರ ಚಾಚಿ, ಹಳೆಯ ಹತ್ತಿ ಸೀರೆಗಳನ್ನು ಒರೆಸುವ ಬಟ್ಟೆಯಾಗಿ ಕತ್ತರಿಸುತ್ತಿದ್ದರು. ಆ ಕಾಲು ಮಡಚುವುದಿಲ್ಲ ಎಂದು ಗೊತ್ತಿತ್ತು. ಏಕೆಂದು ಕೇಳುವುದು ಮರ್ಯಾದೆಯಲ್ಲ. ಬಾಯಿ ಮಾತ್ರ ಗಂಡನಿಗಿಂತ ಚುರುಕು. "ಇವ್ರಿಗೆ ಕಾರ್ ಕಂಡ್ರೆ ಬಯ, ನಂಗೆ ಇವ್ರ್ ಬಯ ಕಂಡ್ರೆ ಬಯ ಮೇಡಮ್ನೋರೆ" ಎಂದು ನಗುತ್ತಿದ್ದರು.

ನನ್ನ ಮನೆ ತಿ. ನರಸೀಪುರದಲ್ಲಿ. ದಿನಾ ನಂಜನಗೂಡಿಗೆ ಬಸ್ಸಿನಲ್ಲಿ ನಿಂತು ಬಂದು ಸೊಂಟ ಹೋದಮೇಲೆ, ನಲವತ್ತರ ಹೊಸ್ತಿಲಲ್ಲಿ ಡ್ರೈವಿಂಗ್ ಕಲಿತು, ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದೆ. ಹೊಡೆಯುವಾಗ ಜೀವ ಕೈಯಲ್ಲಿರುತ್ತಿತ್ತು. ಕಬ್ಬಿನ ಲಾರಿ ಎದುರು ಬಂದರೆ ಅದು ದಾಟಿಹೋಗುವವರೆಗೂ ಎದೆ ಡವಗುಟ್ಟುತ್ತಿತ್ತು. ಆದರೂ ಕಾರು ಚೆನ್ನಾಗಿ ಕಾಣಬೇಕೆಂಬ ಆಸೆಗೆ ಕಡಿಮೆ ಇರಲಿಲ್ಲ. ಸ್ಟಾಫ್ ರೂಮಿನಲ್ಲಿ ಒಬ್ಬರು, "ನಿಮ್ ಕಾರೇನ್ರೀ, ವಿಭೂತಿ ಹಚ್ಕೊಂಡು ಮಠಕ್ಕೆ ಹೊರಟಂಗಿದೆ" ಅಂದದ್ದು ನಾಟಿತು. ಆ ಸಂಜೆಯೇ ಅವರ ಅಂಗಡಿಯ ಮುಂದೆ ಕಾರು ನಿಲ್ಲಿಸಿದೆ.

ಅವರು ಡಬ್ಬಿ ತೆಗೆಯಲಿಲ್ಲ. ಕಾರನ್ನು ಹಿಂದಿನಿಂದ ಸುತ್ತಿ ಬಂದು, "ಇಸ್ಕೂಲ್ ತಾವ ಪಡುವ್ಲಕ್ಕೆ ಮಕ ಮಾಡಿ ನಿಲ್ಲಿಸ್ತೀರಾ?" ಎಂದು ಕೇಳಿದರು.

ಹೌದಲ್ಲ! "ನಿಮಗೆ ಹೇಗೆ ಗೊತ್ತಾಯ್ತು ಅಣ್ಣಯ್ಯ?" ಅಂದೆ.

"ತೆಂಕ್ಲು ಬಿಸ್ಲು ಬಡ್ದು ಎಡಗಡೆ ಕನ್ನಡಿ ಜಾಸ್ತಿ ಸತ್ತದೆ" ಎಂದು ಚೊಂಬಿನ ನೀರನ್ನು ಬಂಪರಿನ ಮೇಲೆ ಚಿಮುಕಿಸಿದರು. ನೀರು ಬಿದ್ದ ಕಡೆ ಪ್ಲಾಸ್ಟಿಕ್ ಕಪ್ಪಾಯಿತು. "ಒದ್ದೆಯಾದಾಗ ಕಪ್ಪಾಗ್ತದೆ ಅಂದ್ರೆ ಇನ್ನೂ ಜೀವ ಅದೆ ಅಂತ. ಕಪ್ಪಾಗ್ನಿಲ್ಲ ಅಂದಿದ್ರೆ ಏನ್ ಅಚ್ಚಿದ್ರೂ ದಂಡ."

ಆಮೇಲೆ ಅವರ ಪಾಠ. ಒಬ್ಬ ಮೇಷ್ಟ್ರೂ ನನಗೆ ಅಷ್ಟು ಬಿಡಿಸಿ ಹೇಳಿದ್ದಿಲ್ಲ. "ಇದ್ರಲ್ಲಿ ಮೂರ್ ತರ ಅವೆ. ಒಂದು ಎಣ್ಣೆ ತರದ್ದು. ಅಚ್ಚಿದ್ ಗಳಿಗೇಲಿ ಮದುವಣಗಿತ್ತಿ ಇದ್ದಂಗಿರ್ತದೆ. ಒಂದ್ ಮಳೆ ಬಂತೋ, ಓಯ್ತು. ಅಲ್ಲೀಗಂಟ ದಾರಿ ದೂಳೆಲ್ಲ ಕಚ್ಕಂಡಿರ್ತದೆ. ಎರಡ್ನೇದು ಬಣ್ಣ. ಒಳೀಕ್ಕೇ ಇಳೀತದೆ, ವರ್ಸಗಟ್ಲೆ ಇರ್ತದೆ. ಆದ್ರೆ ಕೈತಪ್ಪಿ ಪೇಂಟ್ ಮ್ಯಾಲೆ ಬಿತ್ತೋ, ಅದೂ ವರ್ಸಗಟ್ಲೆ ಇರ್ತದೆ. ಮೂರ್ನೇದು ಕೋಟಿಂಗು. ಒಣಗಿ ಗಟ್ಟಿಯಾಗಿ ಕೂತ್ಕತದೆ, ಜಿಡ್ಡಿರಲ್ಲ. ಆದ್ರೆ ಕೆಳಗೆ ಒಂಚೂರು ಮೇಣ ಉಳ್ದಿದ್ರೂ ಇಡ್ಕಳಾಕಿಲ್ಲ." ತೆಂಗಿನೆಣ್ಣೆ, ಡೀಸೆಲ್, ಬೂಟ್ ಪಾಲಿಷ್ ಹಚ್ಚುವವರ ಮಾತೆತ್ತಿದರೆ ಮುಖ ಹುಳ್ಳಗೆ ಮಾಡುತ್ತಿದ್ದರು. ಬಿಸಿಗಾಳಿ ಊದಿ ಕಪ್ಪಾಗಿಸುವ ಯಂತ್ರ ತೋರಿಸಿದಾಗ, "ಬಂಪರ್ ಕಪ್ಪಾಗ್ತದೆ, ಜೊತೇಲಿ ಅಪ್ಪಳ ಆದಂಗೆ ಸೊಟ್ಟಾನೂ ಆಗ್ತದೆ" ಅಂದರು.

ಇಷ್ಟೆಲ್ಲ ಹೇಳಿಯೂ ಯಾವುದನ್ನೂ ಮಾರುವುದಿಲ್ಲ! ಸೋಪು ನೀರು, ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ಬಂಪರಿನ ಕೆಳಗಡೆ, ಯಾರಿಗೂ ಕಾಣದ ಜಾಗದಲ್ಲಿ, ಅಂಗೈಯಗಲ ತಿಕ್ಕುತ್ತಿದ್ದರು. ಅಲ್ಲಿ ಮೂರು ಡಬ್ಬಿಗಳಿಂದ ಮೂರು ಬೊಟ್ಟು. "ಎಂಟ್ ದಿನ ಬಿಸ್ಲು, ಎರಡ್ ಸಲ ನೀರು. ಆಮ್ಯಾಕೆ ಬನ್ನಿ, ಯಾವ್ದು ಉಳ್ಕತದೋ ಅದೇ ನಿಮ್ದು." ಹೊಸ ಡಬ್ಬಿ ಬಂದರೆ ಅವರು ಇನ್ನೊಂದು ಪರೀಕ್ಷೆ ಮಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮುರಿದ ಬಂಪರಿನ ತುಂಡೊಂದಕ್ಕೆ ಅದನ್ನು ಹಚ್ಚಿ, ಒಣಗಿಸಿ, ನೆಲದ ಮೇಲಿಟ್ಟು, ಚಪ್ಪಲಿ ಬಿಟ್ಟು ಅದರ ಮೇಲೆ ಬರಿಗಾಲಲ್ಲಿ ನಿಲ್ಲುತ್ತಿದ್ದರು. ಗೋಡೆ ಹಿಡಿದುಕೊಂಡು ಪಾದವನ್ನು ಮೆಲ್ಲಗೆ ಹಿಂದೆ ಮುಂದೆ ಸರಿಸುತ್ತಿದ್ದರು. ಪಾದ ಜಾರಿದರೆ ಮುಖ ಬಿಳುಚಿಕೊಂಡು, ಆ ಡಬ್ಬಿಯನ್ನು ತಂದವನಿಗೇ ವಾಪಸ್ಸು ಕೊಡುತ್ತಿದ್ದರು. ಬಂಪರ್ ಮೇಲೆ ಯಾರಾದರೂ ನಿಲ್ಲುತ್ತಾರೆಯೇ? ಮನುಷ್ಯನಿಗೆ ಎಲ್ಲೋ ಒಂದು ತಿರುಪು ಸಡಿಲ ಎಂದು ನಾನು ತೀರ್ಮಾನಿಸಿದೆ.

ಆಯುಧ ಪೂಜೆಯ ಬೆಳಿಗ್ಗೆ ಅವರು ಮಾಡುತ್ತಿದ್ದ ಕೆಲಸ ಕೇಳಿದಮೇಲಂತೂ ಅನುಮಾನವೇ ಉಳಿಯಲಿಲ್ಲ. ಏಳು ಗಂಟೆಗೆಲ್ಲ ಮೊಪೆಡ್ ಹತ್ತಿ ನಂಜನಗೂಡಿನ ತಮ್ಮ ಗಿರಾಕಿಗಳ ಮನೆಗೆಲ್ಲ ಹೋಗುವುದು. ಪೂಜೆಗೆ ಸಿಂಗರಿಸಿದ ಕಾರಿನ ಬಾಗಿಲು ತೆಗೆಸಿ, ಬಗ್ಗಿ, ಕ್ಲಚ್ಚು ಬ್ರೇಕಿನ ಪೆಡಲುಗಳನ್ನು ಒಣ ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ಒರೆಸುವುದು. "ಗಾಡಿ ಎತ್ತಾಗ ಮುಂದ್ಗಡೆ ಯಾರೂ ನಿಲ್ಬೇಡಿ ಕಣ್ರವ್ವ" ಎಂದು ಹೇಳಿ ಮುಂದಿನ ಮನೆಗೆ. ಯಾರು ಏನು ಕೇಳಿದರೂ ಕಾರಣ ಹೇಳುತ್ತಿರಲಿಲ್ಲ. ಜನ ಅವರ ಕೈಗೆ ಒಂದಿಷ್ಟು ಪುರಿ ಪ್ರಸಾದ ಹಾಕಿ, ಬೆನ್ನ ಹಿಂದೆ ನಗುತ್ತಿದ್ದರು. ನರಸೀಪುರ ದೂರವಾದ್ದರಿಂದ ನಮ್ಮ ಮನೆ ಅವರ ಸುತ್ತಿಗೆ ಸೇರಿರಲಿಲ್ಲ.

ಆ ವರ್ಷ ಅವರು ಮೂರು ಬೊಟ್ಟು ಇಟ್ಟು ಎಂಟು ದಿನ ಅಂದಾಗ ಹಬ್ಬಕ್ಕೆ ಉಳಿದದ್ದು ಐದೇ ದಿನ. ನನಗೆ ತಾಳ್ಮೆ ಎಂಬುದು ತರಗತಿಯಲ್ಲೇ ಖರ್ಚಾಗಿ ಹೋಗುತ್ತದೆ. ಮೈಸೂರಿಗೆ ಹೋದಾಗ ಕಣ್ಣಿಗೆ ಬಿದ್ದ ಒಂದು ಸ್ಪ್ರೇ ತಂದೆ. ಹಬ್ಬದ ಹಿಂದಿನ ಮಧ್ಯಾಹ್ನ ನಾನೂ, ಆಗ ಒಂಬತ್ತನೇ ತರಗತಿಯಲ್ಲಿದ್ದ ಮಗಳೂ ಸೇರಿ ಬಂಪರ್, ಕನ್ನಡಿ, ಟೈರು, ಎಲ್ಲದಕ್ಕೂ ಹೊಡೆದೆವು. ಕಾಡಿಗೆ ಹಚ್ಚಿದ ಹಾಗೆ ಎಲ್ಲ ಕಪ್ಪಗೆ ಮಿಂಚಿತು. ಡಬ್ಬಿಯಲ್ಲಿ ಇನ್ನೂ ಉಳಿದಿತ್ತು. ದೇವರ ಪೂಜೆ ಅಂದಮೇಲೆ ಅರೆಬರೆ ಏಕೆಂದು ಡ್ಯಾಶ್‌ಬೋರ್ಡಿಗೆ ಹೊಡೆದೆ, ಕಾಲಿಡುವ ಪೆಡಲುಗಳಿಗೂ ಹೊಡೆದೆ.

ಬೆಳಿಗ್ಗೆ ಕಾರಿಗೆ ಬಾಳೆಕಂದು ಕಟ್ಟಿ, ಸೇವಂತಿಗೆ ಹಾರ ಹಾಕಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಾಯಿತು. ಅವರಿಗೆ ಫೋನ್ ಮಾಡಿದೆ. ಹಬ್ಬದ ಶುಭಾಶಯ ಒಂದು ನೆಪ, ಜಂಬ ಕೊಚ್ಚುವುದೇ ಉದ್ದೇಶ.

"ಅಣ್ಣಯ್ಯ, ನಿಮ್ಮ ಎಂಟು ದಿನ ಕಾಯಲಿಲ್ಲ. ನಾನೇ ಎಲ್ಲ ಕಪ್ಪು ಮಾಡಿದೆ. ಪೆಡಲು ಕೂಡ ಫಳಫಳ ಅಂತಿದೆ!"

"ಗಾಡಿ ಎತ್ಬೇಡಿ" ಅಂದರು. ಆ ದನಿ ಅವರದೆಂದು ನಂಬಲಾಗಲಿಲ್ಲ, ಅಷ್ಟು ನಡುಗುತ್ತಿತ್ತು. "ಮೇಡಮ್ನೋರೆ, ನಿಮ್ ಕಾಲ್ ಇಡ್ಕಂಡಿವ್ನಿ ಅಂದ್ಕಳಿ, ಎತ್ಬೇಡಿ. ನಾನ್ ಬತ್ತಾವ್ನಿ. ಬರೋಗಂಟ ಕಾಯಿರಿ."

"ಇಷ್ಟಕ್ಕೆ ನೀವು ಇಲ್ಲೀತನಕ ಬರೋದಾ? ಬೇಡ ಬಿಡಿ" ಎಂದೆ. ಫೋನ್ ಆಗಲೇ ಕಟ್ಟಾಗಿತ್ತು.

ಎದ್ರುಪುಕ್ಲ ಹೊರಟ ನೋಡಿ ಎಂದು ಯಜಮಾನರಿಗೆ ಹೇಳಿ ನಕ್ಕೆ. ಅವರು ಗಡಿಯಾರ ನೋಡಿದರು. "ಇನ್ನು ಸ್ವಲ್ಪ ಹೊತ್ತಿಗೆ ರಾಹುಕಾಲ ಬರುತ್ತೆ. ಅವರು ಬರೋಕೆ ಒಂದು ಗಂಟೆ ಬೇಕು. ಮುಗಿಸಿಬಿಡೋಣ" ಅಂದರು. ನನಗೂ ಸರಿಯೆನಿಸಿತು.

ನಮ್ಮಲ್ಲಿ ಆರತಿ ಎತ್ತುವಾಗಲೇ ಎಂಜಿನ್ ಶುರು ಮಾಡಿ, ಆರತಿಯಾದ ಕೂಡಲೇ ನಿಂಬೆಹಣ್ಣಿನ ಮೇಲೆ ಹತ್ತಿಸುವುದು ರೂಢಿ. ಮಗಳು ಹೊಸ ಲಂಗ ತೊಟ್ಟು, ತಟ್ಟೆ ಹಿಡಿದು, ಕಾರಿನ ಮುಂದೆ ನಿಂತಳು. ಅವಳ ಬೆನ್ನಿಗೆ ಗೇಟಿನ ಕಂಬ. ನಾನು ಚಪ್ಪಲಿ ಬಿಟ್ಟು, ಸೆಗಣಿ ಸಾರಿಸಿದ ಒದ್ದೆ ಅಂಗಳ ತುಳಿದು ಬಂದು ಸೀಟಿನಲ್ಲಿ ಕೂತೆ. ಕ್ಲಚ್ ಒತ್ತಿ ಗೇರ್ ಹಾಕಿದೆ. ಗಾಳಿಗೆ ಕರ್ಪೂರ ಆರಿತು. ಅವಳು ತಟ್ಟೆಯನ್ನು ನೆಲದ ಮೇಲಿಟ್ಟು, ಬೆಂಕಿಪೊಟ್ಟಣಕ್ಕೆಂದು ಜಗುಲಿಯ ಕಡೆ ಎರಡು ಹೆಜ್ಜೆ ಹಾಕಿದಳು.

ಎಡಗಾಲು ಜಾರಿತು. ಕಾರು ಹಾರಿತು. ಬ್ರೇಕ್ ಒತ್ತಿದೆ, ಬಲಗಾಲು ಅದರ ಮೇಲಿಂದ ಜಾರಿ ಪಕ್ಕಕ್ಕೆ ಬಿತ್ತು, ಎಂಜಿನ್ ಅರಚಿತು. ಗೇಟಿನ ಕಂಬಕ್ಕೆ ಗುದ್ದಿ ನಿಂತಾಗ ನನ್ನ ಕಣ್ಣು ಮುಚ್ಚಿತ್ತು. ತೆಗೆಯಲು ಧೈರ್ಯವಾಗಲಿಲ್ಲ. ತೆಗೆದರೆ ಏನು ಕಾಣುತ್ತದೋ! "ಅಮ್ಮಾ" ಎಂದು ಪಕ್ಕದಿಂದ ದನಿ ಕೇಳಿದಾಗಲೂ ನಂಬಲಿಲ್ಲ. ಅವಳು ಕಿಟಕಿಯೊಳಗೆ ಕೈ ಹಾಕಿ ನನ್ನ ಭುಜ ಅಲುಗಿಸಿದಳು. ಆರತಿ ತಟ್ಟೆ ಚಕ್ರದಡಿ ಸಿಕ್ಕಿ ಕಾಗದದ ಹಾಗೆ ಮಡಚಿಕೊಂಡಿತ್ತು. ಮುಂದಿನ ಬಂಪರ್ ಅರ್ಧಕ್ಕೆ ಸೀಳಿತ್ತು. ಇವತ್ತಿಗೂ ಆ ಎರಡು ಹೆಜ್ಜೆಯನ್ನು ನೆನೆದರೆ ನನ್ನ ಅಂಗಾಲು ತಣ್ಣಗಾಗುತ್ತದೆ.

ನೆರೆಯವರು ಬಂದು ನೋಡಿಯಾರೆಂದು ಯಜಮಾನರು ಕಾರನ್ನು ಹಿಂದಕ್ಕೆ ತಳ್ಳಿ, ಸೀಳಿದ ಬಂಪರಿನ ಮೇಲೆ ಬಾಳೆ ಎಲೆ, ಹಾರ ಎಳೆದು ಮುಚ್ಚಿದರು. ನಾವು ಮೂವರೂ ಜಗುಲಿಯ ಮೇಲೆ ಕೂತಿರುವಾಗಲೇ ಗೇಟಿನಾಚೆ ಮೊಪೆಡ್ ಬಿದ್ದ ಸದ್ದು. ಸ್ಟ್ಯಾಂಡ್ ಹಾಕುವುದಕ್ಕೂ ನಿಲ್ಲದೆ ಅವರು ಓಡಿ ಬಂದರು. ಮುಖದಲ್ಲಿ ರಕ್ತವಿರಲಿಲ್ಲ. "ಮಗು ಎಲ್ಲಿ? ಮಗು ಎಲ್ಲಿ ಮೇಡಮ್ನೋರೆ?"

ಮಗಳು ಜಗುಲಿಯಿಂದ ಇಳಿದಳು. ಆ ಮುಖ ನೋಡಿ ಅವಳಿಗೆ ಏನನ್ನಿಸಿತೋ, "ಇಲ್ಲೇ ಇದೀನಿ ತಾತ. ನೀವು ಹೇಳಿದ್ರಲ್ಲ, ಅದಕ್ಕೆ ಅಮ್ಮ ಕಾರೇ ಎತ್ತಲಿಲ್ಲ. ನಿಮಗೋಸ್ಕರ ಕಾಯ್ತಾ ಇದ್ವಿ" ಅಂದಳು.

ಅವರು ಅಂಗಳದಲ್ಲೇ ಕುಸಿದು ಕೂತರು. ನಾನು ಬಾಯಿ ತೆರೆಯಲಿಲ್ಲ. ನಿಜ ಹೇಳಿದರೆ ಈ ಮನುಷ್ಯನ ಎದೆ ಅಲ್ಲೇ ನಿಂತೀತು ಎಂದು ಹೆದರಿದೆ. ಅಷ್ಟೇ ಅಲ್ಲ, ನಾಚಿಕೆಯೂ ಆಗಿತ್ತು.

ಸೋಪು ನೀರಿನಲ್ಲಿ ಪೆಡಲುಗಳನ್ನು ಮೂರು ಸಲ ತೊಳೆದು, ಒರೆಸಿ, ತಾವೇ ಬರಿಗಾಲಲ್ಲಿ ಒತ್ತಿ ನೋಡಿದಮೇಲೆ, ನೀರು ಕುಡಿದು ಅವರು ಹೇಳಿದರು. "ನಂದ್ ಮೊದ್ಲು ಗಾಡಿ ತೊಳಿಯೋ ಸರ್ವೀಸ್ ಇತ್ತು. ಆಯುದ ಪೂಜೆಗೆ ಪೆಡ್ಲಿಗೂ ಒಳಪು ಒಡೀತಿದ್ದೆ. ತಾಯಿ ನೋಡ್ತಾಳೆ, ಎಲ್ಲಾ ಒಳೀಬೇಕು ಅಂತ. ಜನ ಮೆಚ್ಕಳೋರು. ಆ ವರ್ಸ ನಂದೇ ಒಂದ್ ವ್ಯಾನ್ ತಕ್ಕಂಡಿದ್ದೆ. ನಮ್ಮವ್ಳು ಮುಂದೆ ನಿಂತು ಆರತಿ ಎತ್ತಾವ್ಳೆ, ನನ್ ನೋಡಿ ನಗಾಡ್ತಾವ್ಳೆ. ಕಾಲ್ ಜಾರ್ತು ಮೇಡಮ್ನೋರೆ." ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು. "ಗ್ವಾಡೆಗೂ ವ್ಯಾನ್‌ಗೂ ಮದ್ಯೆ ಸಿಕ್ಕಂಡ್ಲು. ಆರ್ ತಿಂಗ್ಳು ಆಸ್ಪತ್ರೆ. ಉಳುದ್ಲು, ಕಾಲ್ ಉಳೀನಿಲ್ಲ. ಎಲ್ಲಾರ್ಗೂ ಯೋಳ್ಬೇಕಿತ್ತು. ಎಂಡ್ತಿ ಮ್ಯಾಲೆ ಗಾಡಿ ಅತ್ಸಿದೋನು ಅಂತಾರಲ್ಲ ಅಂತ ಬಾಯೇ ಬರ್ನಿಲ್ಲ. ಸುಮ್ಕೆ ಒರುಸ್ಕಂಡ್ ತಿರುಗ್ತೀನಿ."

ನಿಜ ಹೇಳಲು ಅದೊಂದು ಗಳಿಗೆ ಇತ್ತು. ನಾನು ಎದ್ದು ಒಳಗೆ ಹೋಗಿ ಎಲೆ ಹಾಕಿದೆ. ಒಬ್ಬಟ್ಟು, ಚಿತ್ರಾನ್ನ, ಕೋಸಂಬರಿ, ಎರಡೆರಡು ಸಲ ಬಡಿಸಿದೆ. ಅವರು ತಲೆ ತಗ್ಗಿಸಿ ಉಂಡರು. ಹೊರಡುವಾಗ ಮಗಳ ತಲೆ ಮುಟ್ಟಿ, ಕಾರನ್ನು ಹಿಂದಿನಿಂದ ಸುತ್ತಿಕೊಂಡು ಗೇಟಿಗೆ ಹೋದರು.

ಬಂಪರನ್ನು ಅದೇ ವಾರ ಮೈಸೂರಿನಲ್ಲಿ ಗುಟ್ಟಾಗಿ ಬದಲಾಯಿಸಿದೆ. ಆಮೇಲೆ ಎಷ್ಟೋ ಸಲ ಅವರ ಅಂಗಡಿಗೆ ಹೋದೆ, ಅವರು ಏನೂ ಕೇಳಲಿಲ್ಲ. ಆದರೆ ಮುಂದಿನ ಆಯುಧ ಪೂಜೆಗೆ ಕರೆಯದೆಯೇ ನಮ್ಮ ಮನೆಗೆ ಬಂದರು. ಅದರ ಮುಂದಿನ ವರ್ಷವೂ ಬಂದರು. ಐದು ವರ್ಷ, ಒಂದು ಸಲವೂ ತಪ್ಪಿಸಲಿಲ್ಲ. ಪೆಡಲು ಒರೆಸಿ, ನಾನು ಕಾರು ಹತ್ತಿಸಿ ಇಳಿಸುವವರೆಗೆ ಮಗಳ ಕೈಯನ್ನು ಬಿಗಿಯಾಗಿ ಹಿಡಿದು ಜಗುಲಿಯ ಮೇಲೆ ನಿಂತಿರುತ್ತಿದ್ದರು. ಅವಳು 'ಒಬ್ಬಟ್ಟಿನ ತಾತ' ಎಂದು ಹೆಸರಿಟ್ಟಳು. ಒಂದು ಮಗುವನ್ನು ಉಳಿಸಿದೆನೆಂಬ ಖುಷಿಗೆ ಬರುತ್ತಾರೆ ಎಂದು ನಾವು ಮಾತಾಡಿಕೊಳ್ಳುತ್ತಿದ್ದೆವು. ಅವರಿಗೆ ಆ ಖುಷಿ ಕೊಟ್ಟವರು ನಾವು ಎಂದು ಒಳಗೊಳಗೇ ಹೆಮ್ಮೆಯೂ ಇತ್ತು.

ಅವರು ತೀರಿಕೊಂಡದ್ದು ನನಗೆ ರಜೆ ಮುಗಿದಮೇಲೆ ಗೊತ್ತಾಯಿತು. ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಅವರ ಹೆಂಡತಿ ಅದೇ ಸ್ಟೂಲಿನ ಮೇಲೆ ಕೂತು ಡಬ್ಬಿಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದರು. "ನನ್ನ ಮಗಳನ್ನು ಉಳಿಸಿದ್ದು ಅವರೇ" ಅಂದೆ.

"ನಿಮ್ ಮಗ್ಳುನ್ನ ಉಳ್ಸಿದ್ದು ದ್ಯಾವ್ರು" ಎಂದರು ಆಕೆ, ತಲೆಯೆತ್ತದೆ. "ಬಂಪರ್ ಸೀಳಿತ್ತಂತಲ್ಲ. ಬಾಳೆ ಎಲೆ ಮುಚ್ಚುದ್ರೆ ಇವ್ರ ಕಣ್ಗೆ ಕಾಣಲ್ವಾ? ಕಂಬದ್ ಮ್ಯಾಲೆ ಕರೀಗೆರೆ ಇತ್ತಂತೆ. ಬಂದೋರೇ ಎಲ್ಲಾ ಯೋಳುದ್ರು."

ಐದು ವರ್ಷ ಗೊತ್ತಿದ್ದೂ ನನ್ನ ಕೈಯಿಂದ ಬಡಿಸಿಕೊಂಡು ಉಂಡರಲ್ಲ ಎಂದು ಹೆದರಿಕೆಯಾಯಿತು. "ನಿಜ ಹೇಳಬೇಕು ಅಂತ ಎಷ್ಟೋ ಸಲ ಅಂದ್ಕೊಂಡೆ ಅಮ್ಮ. ಅವರ ಮನಸ್ಸಿಗೆ ಏನಾಗುತ್ತೋ ಅಂತ ಭಯ ಆಯ್ತು" ಅಂದೆ.

"ಯೋಳ್ಬೇಕಿತ್ತು" ಎಂದರು. ದನಿಯಲ್ಲಿ ಕೋಪವಿರಲಿಲ್ಲ. "ಇಂಗಿಂಗಾಯ್ತು, ಎದ್ರುದೊ ಅಂತ ನಿಮ್ ಬಾಯಲ್ಲಿ ಬಂದಿದ್ರೆ, ಇನ್ ಮೇಡಮ್ನೋರು ಉಸಾರಾಗಿರ್ತಾರೆ ಅಂತ ಇವ್ರು ನಂಬೋರು. ಏನೂ ಆಗೇ ಇಲ್ಲ ಅನ್ನೋರ್ನ ಎಂಗ್ ನಂಬೋದು? ಮುಂದಿನ್ ವರ್ಸಾನೂ ಅಂಗೇ ಮಾಡ್ಕತಾರೆ ಅಂತ ಇವ್ರಿಗೆ ಅದೊಂದೇ ಬಯ. ಮೊದ್ಲೆಲ್ಲ ನಂಜನಗೂಡ್ ಮನೆಗೋಳ್ ಮುಗ್ಸಿ ಅತ್ ಗಂಟೆಗೆ ಬಂದ್ಬುಡೋರು, ಇಬ್ರೂ ಕೂತ್ಕಂಡ್ ಉಣ್ತಿದ್ದೊ. ನಿಮ್ಮೂರ್ ದಾರಿ ಇಡುದ್ ಮ್ಯಾಲೆ ಬತ್ತಿದ್ದಿದ್ದು ಒತ್ತಿಳುದ್ ಮ್ಯಾಲೆ." ಕೈಯಲ್ಲಿದ್ದ ಡಬ್ಬಿಯ ಮುಚ್ಚಳವನ್ನು ಬಿಗಿ ಮಾಡಿ ಪೆಟ್ಟಿಗೆಗೆ ಹಾಕಿದರು.

"ಐದ್ ವರ್ಸ ಅಬ್ಬದ್ ದಿನ ನಾನು ಒಬ್ಳೇ ಉಂಡೆ ಕಣವ್ವ."